ಬಾಡಿಗೆ ರಥ, ಎರಡು ವರ

ಚಿಯಾಂಗ್ ಮಾಯ್ ಊರಿನ ಹಳೇ ಕೋಟೆಯ ಕಂದಕದ ಪಕ್ಕ ಒಂದು ಬೈಕ್ ಬಾಡಿಗೆ ಅಂಗಡಿ. ನಮ್ಮನೆಯವರು ತಮ್ಮ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ಟನ್ನು ಗತ್ತಿನಿಂದ ಬಿಚ್ಚಿ ಕೌಂಟರಿನ ಮೇಲಿಟ್ಟರು. ಅಂಗಡಿಯಾಕೆ ಕನ್ನಡಕ ಏರಿಸಿಕೊಂಡು ಪುಟ ತಿರುವಿ ‘ಎ’ ಎಂದಿದ್ದ ಕಡೆ ಬೆರಳಿಟ್ಟಳು. ಅಲ್ಲಿ ಏನೂ ಇರಲಿಲ್ಲ. ಮೊಹರು ಬಿದ್ದಿದ್ದು ‘ಬಿ’ ಮುಂದೆ.

‘ಕಾರ್, ಓಕೆ. ಮೋತೋಸೈ, ನೋ’ ಎಂದಳು.

‘ಹುಬ್ಬಳ್ಳ್ಯಾಗ ಹತ್ತ ವರ್ಷ ಯೆಜ್ಡಿ ಹೊಡದೀನಿ. ನನಗ ಗಾಡಿ ಬರಂಗಿಲ್ಲ ಅಂತಾಳಲ್ಲ!’ ಎಂದು ಇವರು ನನ್ನ ಕಡೆ ತಿರುಗಿದರು. ಹೊಡೆದಿದ್ದು ನಿಜ. ಹೊಡೆದದ್ದಷ್ಟೇ ನಿಜ. ಬ್ಯಾಂಕ್ ನೌಕರಿ ಸಿಕ್ಕ ಮೇಲೆ ಕಾರಿನ ಲೈಸೆನ್ಸ್ ಮಾಡಿಸಿದರು; ಬೈಕಿಗೆ ಬೇರೆ ಪರೀಕ್ಷೆ ಇದೆ ಎಂಬುದನ್ನು ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಆ ಖಾಲಿ ಜಾಗ ಚಿಯಾಂಗ್ ಮಾಯ್‌ವರೆಗೂ ಬಾಯಿ ಮುಚ್ಚಿಕೊಂಡು ಕೂತಿತ್ತು.

ನನ್ನ ಪರ್ಮಿಟ್ಟಿನಲ್ಲಿ ‘ಎ’ ಮುಂದೆಯೂ ಮೊಹರಿತ್ತು. ಅದರ ಪುಣ್ಯ ಅಪ್ಪನ ಬಜಾಜ್ ಎಂ80ಗೆ ಸೇರಬೇಕು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಡಿಕೆ ಮೂಟೆ, ಹಿಂಡಿ ಚೀಲ, ಅಜ್ಜಿ, ಎಲ್ಲರನ್ನೂ ಹೊತ್ತ ಗಾಡಿ ಅದು. ಎಡಗೈಯಲ್ಲೇ ಗೇರು. ಪಿಯುಸಿ ರಜೆಯಲ್ಲಿ ಅದನ್ನು ಕಲಿತೆ. ‘ಗೇರು ಇರೋ ಗಾಡಿ ಓಡಿಸ್ತೀಯಾ, ಗೇರು ಇರೋ ಲೈಸೆನ್ಸೇ ಮಾಡಿಸು’ ಎಂದು ಅಪ್ಪ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿದ್ದರು.

ಅಂಗಡಿಯಾಕೆ ನನ್ನ ಪುಸ್ತಕ ನೋಡಿದಳು, ನನ್ನನ್ನು ನೋಡಿದಳು, ಕೀಲಿಯನ್ನು ನನ್ನ ಕೈಗೆ ಕೊಟ್ಟಳು. ಥಾಯ್ಲೆಂಡಿನ ವಾಯವ್ಯ ಮೂಲೆಯ ಬೆಟ್ಟಗಳನ್ನು ಸುತ್ತಿ ಬರುವ ಮೇ ಹೊಂಗ್ ಸೊನ್ ಸುತ್ತು ಸುಮಾರು 600 ಕಿಲೋಮೀಟರು. ಅಷ್ಟನ್ನೂ ನಾನು ಓಡಿಸಬೇಕು, ಇವರು ಹಿಂದೆ ಕೂರಬೇಕು ಎಂಬುದು ಹೀಗೆ ತೀರ್ಮಾನವಾಯಿತು.

ಮಗಳು ಹಾಸ್ಟೆಲ್ ಸೇರಿದ ವರ್ಷ ಅದು. ಮನೆಯಲ್ಲಿ ಇಬ್ಬರೇ ಉಳಿದು, ಟೀವಿಯ ಸದ್ದೂ ದೊಡ್ಡದೆನಿಸತೊಡಗಿದಾಗ ಇವರೇ ಒಂದು ರಾತ್ರಿ ‘ಸೂಟ್‌ಕೇಸ್ ಬ್ಯಾಡ, ಚೀಲ ಬೆನ್ನಿಗೆ ಹಾಕ್ಕೊಂಡು ಹೋಗೋಣು’ ಎಂದಿದ್ದು. ಟೂರ್ ಕಂಪನಿಯವರ ಬಾವುಟದ ಹಿಂದೆ ನಡೆಯುವುದು ನನಗೂ ಬೇಡವಾಗಿತ್ತು. ನಲವತ್ತೈದು ದಾಟಿದ ಮೇಲೆ ಬೆನ್ನಿಗೆ ಚೀಲ ಏರಿಸುವವರ ಬಗ್ಗೆ ನೆಂಟರು ಏನನ್ನುತ್ತಾರೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಪರ್ಮಿಟ್ಟಿನ ವಿಷಯವನ್ನು ಮಾತ್ರ ಸ್ವಲ್ಪ ಹೇಳಲೇಬೇಕು. ಹೊರಡುವ ಮೊದಲು ನಮಗೆ ಯಾರೂ ಹೇಳಿರಲಿಲ್ಲ. ನಮ್ಮ ಆರ್‌ಟಿಓ ಕೊಡುವ ಈ ಪುಸ್ತಕಕ್ಕೆ ಸಾವಿರ ರೂಪಾಯಿ ಶುಲ್ಕ, ಒಂದು ವರ್ಷದ ಆಯುಸ್ಸು. ಅದು 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ ಲೆಕ್ಕದ್ದು. ಥಾಯ್ಲೆಂಡ್ ಆ ಒಪ್ಪಂದದಲ್ಲಿದೆ, ಹಾಗಾಗಿ ಅಲ್ಲಿ ನಡೆಯುತ್ತದೆ. ಮರುವರ್ಷ ನಾವು ಹೋದ ವಿಯೆಟ್ನಾಂ ಒಪ್ಪಿಕೊಂಡಿರುವುದು 1968ರ ವಿಯೆನ್ನಾ ಒಪ್ಪಂದವನ್ನು, ಹಾಗಾಗಿ ಅಲ್ಲಿ ನಡೆಯುವುದಿಲ್ಲ. ಅಂಗಡಿಯವರು ಎರಡೂ ದೇಶದಲ್ಲಿ ಏನೂ ಕೇಳದೆ ಗಾಡಿ ಕೊಟ್ಟುಬಿಡಬಹುದು. ನಮಗೆ ಸಿಕ್ಕಾಕೆಯಂಥವರು ಕಡಿಮೆ. ಆದರೆ ಬಿದ್ದು ಕಾಲು ಮುರಿದಾಗ ವಿಮೆಯವರು ಮೊದಲು ಕೇಳುವುದು ಆ ‘ಎ’ ಮುಂದಿನ ಮೊಹರನ್ನೇ. ನಮ್ಮನೆಯವರು ವಿಮೆಯ ಸಣ್ಣಕ್ಷರಗಳನ್ನು ವಿಮಾನದಲ್ಲಿ ಎರಡು ಸಲ ಓದಿದ್ದರು, ಸ್ವಂತ ಪರ್ಮಿಟ್ಟನ್ನು ಒಂದು ಸಲವೂ ಓದಿರಲಿಲ್ಲ.

ಬ್ಯಾಂಕಿನವರ ಬುದ್ಧಿ ಇನ್ನೊಂದು ಕಡೆ ಕೆಲಸಕ್ಕೆ ಬಂತು. ಠೇವಣಿಗೆ ಪಾಸ್‌ಪೋರ್ಟ್ ಇಟ್ಟುಹೋಗಿ, ಇಲ್ಲವೇ 3,000 ಬಾತ್ ನಗದು ಕೊಡಿ ಎಂದಳು ಅಂಗಡಿಯಾಕೆ. ನಾನು ಪಾಸ್‌ಪೋರ್ಟ್ ತೆಗೆಯಹೋದರೆ ಇವರು ಕೈ ಹಿಡಿದರು. ‘ಅಡವು ಇಡೋದಾದ್ರ ಬಂಗಾರ ಇಡು, ಇದನ್ನ ಇಡಬ್ಯಾಡ. ನಾಳೆ ಒಂದು ಗೀರು ಬಿದ್ರ ಆಕಿ ಹೇಳಿದ್ದ ರೇಟು.’ ನಗದು ಎಣಿಸಿದರು. ಆಮೇಲೆ ಹೋಂಡಾ ಕ್ಲಿಕ್ 125 ಸ್ಕೂಟರಿನ ಸುತ್ತ ಮೊಬೈಲ್ ಹಿಡಿದು, ಮದುವೆ ವಿಡಿಯೋದವನ ಹಾಗೆ, ಒಂದೊಂದು ಗೀರಿನ ಮುಂದೂ ನಿಂತು ಚಿತ್ರೀಕರಿಸಿದರು. ಅಂಗಡಿಯಾಕೆ ನಕ್ಕು, ತಾನೇ ಒಂದು ಗೀರನ್ನು ತೋರಿಸಿಕೊಟ್ಟಳು.

ಥಾಯ್ ಭಾಷೆಯಲ್ಲಿ ವಾಹನಕ್ಕೆ ‘ರೊತ್’ ಎನ್ನುತ್ತಾರೆ. ಬಾಯಲ್ಲಿ ಹಾಗೆ, ಬರೆಯುವಾಗ ಅದು ನಮ್ಮ ‘ರಥ’ವೇ. ನಮಸ್ಕಾರಕ್ಕೆ ಅವರು ಹೇಳುವ ‘ಸವಾಸ್ದೀ’ ಕೂಡ ‘ಸ್ವಸ್ತಿ’ಯಿಂದ ಕಟ್ಟಿಕೊಂಡದ್ದು, ನಮ್ಮ ಎಷ್ಟೋ ಶಾಸನಗಳ ಮೊದಲ ಪದ. ಬಸ್ಸು, ಲಾರಿ, ಸ್ಕೂಟರು ಎಲ್ಲವೂ ರಥವಾಗಿರುವ ದೇಶದಲ್ಲಿ ನಾನು ಸಾರಥಿಯಾದೆ.

ಚಿಯಾಂಗ್ ಮಾಯ್ ಬಿಟ್ಟು ಉತ್ತರಕ್ಕೆ ಮೇ ಮಾಲಾಯ್‌ವರೆಗೆ ಹೆದ್ದಾರಿ, ಲಾರಿಗಳ ಗಾಳಿ, ಬೇಸರ. ಅಲ್ಲಿ ಎಡಕ್ಕೆ ತಿರುಗಿದರೆ 1095ನೇ ನಂಬರಿನ ರಸ್ತೆ, ಬೆಟ್ಟಕ್ಕೆ ಏರುತ್ತದೆ. ನಮ್ಮ ಹಾಗೆಯೇ ಅಲ್ಲೂ ಎಡಬದಿಯ ಸಂಚಾರ, ಅದೊಂದು ಸಮಾಧಾನ. ಪೈ ಎಂಬ ಊರಿಗೆ ತಲುಪುವಷ್ಟರಲ್ಲಿ 762 ತಿರುವು ಎಂದು ಅಲ್ಲಿ ಟೀ ಶರ್ಟಿನ ಮೇಲೆಲ್ಲ ಬರೆದುಕೊಂಡು ಮಾರುತ್ತಾರೆ. ಇಡೀ ಸುತ್ತಿಗೆ 1,864 ಎಂಬುದು ಅವರ ಲೆಕ್ಕ. ಆಗುಂಬೆ ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನೇ ಜಗತ್ತಿನ ದೊಡ್ಡ ಸಂಗತಿ ಎಂದು ನಂಬಿ ಬೆಳೆದವಳು ನಾನು. ನಮ್ಮನೆಯವರು ಹಿಂದೆ ಕೂತು ಎಣಿಸತೊಡಗಿದರು. ಇನ್ನೂರ ಹನ್ನೆರಡಕ್ಕೆ ಒಂದು ಪಿಕಪ್ ಗಾಡಿ ನಮ್ಮ ಪಕ್ಕೆ ಸವರಿಕೊಂಡು ಹೋಯಿತು. ಆಮೇಲೆ ಎಣಿಕೆ ನಿಂತಿತು, ಬೇರೆ ಶುರುವಾಯಿತು.

‘ಎಡಕ್ಕ... ಎಡಕ್ಕ... ಸಾವಕಾಶ ಹೊಡಿ. ಹಾರ್ನ್ ಹೊಡಿ. ಮುಂದ ಲಾರಿ ಐತಿ. ಬ್ರೇಕ್ ಹಾಕು. ಹಾಕಿದಿ? ಇನ್ನೊಮ್ಮೆ ಹಾಕು.’

ಸ್ಕೂಟರಿನ ಹಿಂದಿನ ಸೀಟಿನಲ್ಲಿ ಬ್ರೇಕ್ ಇರುವುದಿಲ್ಲ. ಅದು ಇಲ್ಲದ್ದನ್ನು ಬಾಯಿಯಿಂದ ತುಂಬಿಸುವುದು ಗಂಡಸರ ಜಾತಿಸ್ವಭಾವ ಎಂದು ಅಂದು ಅಂದುಕೊಂಡೆ. (ತಪ್ಪು. ಮುಂದೆ ಗೊತ್ತಾಯಿತು.)

ಇಳಿಜಾರಿನ ವಿದ್ಯೆ ಮಾತ್ರ ನಾನೇ ಕಲಿಯಬೇಕಾಯಿತು. ಗೇರಿಲ್ಲದ ಸ್ಕೂಟರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ವೇಗ ತೀರಾ ತಗ್ಗಿತೋ, ಒಳಗಿನ ಕ್ಲಚ್ ಕಳಚಿಕೊಂಡು ಎಂಜಿನ್ನಿನ ಹಿಡಿತ ತಪ್ಪುತ್ತದೆ. ಎರಡಾಳು, ಎರಡು ಚೀಲದ ಭಾರ ಸುಮ್ಮನೆ ಉರುಳುತ್ತದೆ. ಹೆದರಿ ಬ್ರೇಕನ್ನು ಒಂದೇ ಸಮ ಹಿಡಿದರೆ ಅದು ಕಾದು ಸೋಲುತ್ತದೆ. ಆಗಾಗ ಒಂಚೂರು ಆಕ್ಸಿಲರೇಟರ್ ತಿರುವಿದರೆ ಕ್ಲಚ್ ಮತ್ತೆ ಕಚ್ಚುತ್ತದೆ, ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ. ಇಳಿಯಲು ಆಕ್ಸಿಲರೇಟರ್ ಕೊಡಬೇಕು ಎಂಬ ಮಾತು ಹಿಂದೆ ಕೂತವರಿಗೆ ಅರ್ಥ ಮಾಡಿಸುವುದು ಸುಲಭವಲ್ಲ. ಎಂಜಿನ್ ಗುರ್ ಎಂದಾಗಲೆಲ್ಲ ಹಿಂದಿನಿಂದ ‘ಯವ್ವಾ’ ಎಂದು ಕೇಳಿಸುತ್ತಿತ್ತು.

ಪೈ ಊರಿನಲ್ಲಿ ನಾವು ನೋಡಿದ್ದು ಬೆಟ್ಟ, ಬಿಸಿನೀರಿನ ಬುಗ್ಗೆಗಳಿಗಿಂತ ಮೊದಲು ಬ್ಯಾಂಡೇಜು. ಮೊಣಕೈಗೆ, ಮೊಣಕಾಲಿಗೆ, ಗಲ್ಲಕ್ಕೆ ಬಿಳಿ ಪಟ್ಟಿ ಸುತ್ತಿಕೊಂಡ ಇಪ್ಪತ್ತು ಇಪ್ಪತ್ತೆರಡರ ಯುರೋಪಿನ ಮಕ್ಕಳು ಕುಂಟುತ್ತ ಬಾಳೆಹಣ್ಣಿನ ದೋಸೆ ತಿನ್ನುತ್ತಿದ್ದರು. ಮೊದಲ ಸಲ ಸ್ಕೂಟರ್ ಮುಟ್ಟಿದ್ದೇ ಥಾಯ್ಲೆಂಡಿನಲ್ಲಿ ಎನ್ನುವವರು ಎಷ್ಟೋ ಮಂದಿ. ಈ ದೇಶದ ರಸ್ತೆ ಸಾವುಗಳಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ದ್ವಿಚಕ್ರ, ತ್ರಿಚಕ್ರ ವಾಹನಗಳವರದ್ದೇ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ವರದಿ ಹೇಳಿತ್ತು. ಅದನ್ನು ಊರಲ್ಲಿ ಓದಿದಾಗ ಅಂಕಿಯಾಗಿತ್ತು. ಪೈಯ ಔಷಧಿ ಅಂಗಡಿಯ ಮುಂದಿನ ಸಾಲು ನೋಡಿದ ಮೇಲೆ ನಾನು ಹೆಲ್ಮೆಟ್ಟಿನ ಪಟ್ಟಿಯನ್ನು ಇನ್ನೊಂದು ಬೆರಳು ಬಿಗಿ ಮಾಡಿಕೊಂಡೆ.

ನಮ್ಮಲ್ಲಿ ಗಾಯವಾದದ್ದು ಹಿಂದೆ ಕೂತವರಿಗೆ. ಊರ ಹೊರಗಿನ ಥಾ ಪೈ ಸೇತುವೆಯ ಬಳಿ ನಿಲ್ಲಿಸಿದಾಗ ಇವರು ಅವಸರದಲ್ಲಿ ಬಲಗಡೆಗೆ ಇಳಿದರು. ಸೈಲೆನ್ಸರ್ ಇರುವುದೂ ಬಲಗಡೆಯೇ. ಮೀನಖಂಡಕ್ಕೆ ಒಂದು ರೂಪಾಯಿ ಅಗಲದ ಬರೆ. ಅಲ್ಲೇ ಇದ್ದ ಎಳನೀರಿನ ಅಂಗಡಿಯ ಹುಡುಗಿ ನೋಡಿ, ‘ಥಾಯ್ ಟ್ಯಾಟೂ!’ ಎಂದು ಕಿಸಕ್ಕನೆ ನಕ್ಕು ತಣ್ಣೀರು ಸುರಿದಳು. ಎಷ್ಟು ಜನಕ್ಕೆ ಸುರಿದಿದ್ದಳೋ.

ಆ ಸೇತುವೆಯದ್ದೂ ಒಂದು ಕತೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆಗೆ ಹೋಗಲು ಜಪಾನಿ ಸೈನ್ಯ ಈ ದಾರಿ ಹಿಡಿದು, ಇಲ್ಲಿ ಮರದ ಸೇತುವೆ ಕಟ್ಟಿತ್ತು. ಪ್ರವಾಸಿಗರೆಲ್ಲ ‘ಯುದ್ಧಕಾಲದ ಸೇತುವೆ’ ಎಂದು ಫೋಟೋ ತೆಗೆಸಿಕೊಳ್ಳುವ ಈಗಿನ ಕಬ್ಬಿಣದ ಚೌಕಟ್ಟು ಮಾತ್ರ ಚಿಯಾಂಗ್ ಮಾಯ್‌ನ ಹಳೇ ನವರತ್ ಸೇತುವೆಯದು. 1970ರ ದಶಕದಲ್ಲಿ ಕಳಚಿ ತಂದು ಇಲ್ಲಿ ಜೋಡಿಸಿದ್ದು. ಯುದ್ಧ ಕಂಡದ್ದು ಒಂದು ಸೇತುವೆ, ಫೋಟೋಕ್ಕೆ ನಿಂತದ್ದು ಇನ್ನೊಂದು. ಸುಟ್ಟ ಕಾಲನ್ನು ಎತ್ತಿ ಹಿಡಿದು ನಮ್ಮನೆಯವರೂ ಅಲ್ಲಿ ಫೋಟೋ ತೆಗೆಸಿಕೊಂಡರು.

ಪೈ ದಾಟಿ ಪಾಂಗ್ ಮಾಫಾ ಕಡೆಗೆ ಹೋಗುವಾಗ ಏರು ಜಾಸ್ತಿ. ನವೆಂಬರ್ ಕೊನೆಯ ಬೆಳಗು, ಕಣಿವೆ ತುಂಬ ಮಂಜು, ಸ್ವೆಟರಿನ ಮೇಲೆ ಸ್ವೆಟರ್. ಒಂದು ತಿರುವಿನಲ್ಲಿ 125 ಸಿಸಿ ಎಂಜಿನ್ ಉಸಿರು ಬಿಟ್ಟಿತು. ಇವರು ಇಳಿದು ನಡೆದರು. ಎಡಗಡೆಗೆ ಇಳಿದರು ಎಂಬುದನ್ನು ಗಮನಿಸಿದೆ. ನಾನು ಖಾಲಿ ಗಾಡಿ ಏರಿಸಿ ಮೇಲೆ ಕಾಯುತ್ತ ನಿಂತರೆ, ಚೀಲ ಬೆನ್ನಿಗೆ ಹಾಕಿಕೊಂಡು, ಏದುಸಿರು ಬಿಡುತ್ತ, ಮಂಜಿನೊಳಗಿಂದ ಬಂದರು. ಬಂದವರೇ, ‘ಆಗ ಲಾರಿ ಎದುರಿಗೆ ಬಂತಲ್ಲ, ನಾ ಸತ್ತೆ ಅಂತ ತಿಳಕೊಂಡಿದ್ದೆ. ಭೇಷ್ ಹೊಡದಿ. ಕೈಕೇಯಿ ಇದ್ದಂಗ ಇದ್ದಿ’ ಎಂದರು.

ಹೆಂಡತಿಯನ್ನು ಕೈಕೇಯಿ ಎನ್ನುವುದಕ್ಕೂ ಧೈರ್ಯ ಬೇಕು. ಆದರೆ ಇವರು ಹೇಳಿದ್ದು ಮಂಥರೆ ಬರುವುದಕ್ಕಿಂತ ಹಿಂದಿನ ಕೈಕೇಯಿಯ ಮಾತು. ಯುದ್ಧದಲ್ಲಿ ದಶರಥನ ರಥದ ಕಡಾಣಿ ಕಳಚಿದಾಗ ಬೆರಳನ್ನೇ ಅಚ್ಚಿಗೆ ಕೊಟ್ಟು ಗಂಡನನ್ನು ಉಳಿಸಿದವಳು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದ ಕತೆ.

‘ಹಾಗಾದ್ರೆ ನನಗೆ ಎರಡು ವರ ಬರಬೇಕು ರೀ.’

‘ಬೇಡು.’

‘ಒಂದನೇದು, ಇವತ್ತಿನಿಂದ ಹಿಂದೆ ಕೂತವರು ಬಾಯಲ್ಲಿ ಬ್ರೇಕ್ ಹಾಕಬಾರದು. ಎರಡನೇದು ಬಾಕಿ ಇರಲಿ.’

ದಶರಥ ಕೂಡ ಇಷ್ಟು ನಿಟ್ಟುಸಿರು ಬಿಟ್ಟಿರಲಿಕ್ಕಿಲ್ಲ. ಆದರೆ ಕೊಟ್ಟ ಮಾತಿಗೆ ನಿಂತರು. ಮಾತು ನಿಂತ ಮೇಲೆ ಅವರು ನೋಡತೊಡಗಿದರು, ಅಲ್ಲಿಂದ ಈ ಪ್ರವಾಸ ಎರಡಾಯಿತು. ನಾನು ಕಂಡದ್ದು ಮುಂದಿನ ಇಪ್ಪತ್ತು ಅಡಿ ಡಾಂಬರು: ಜಲ್ಲಿ ಎಲ್ಲಿದೆ, ಎಣ್ಣೆ ಎಲ್ಲಿ ಚೆಲ್ಲಿದೆ, ತಿರುವಿನಾಚೆ ನೆರಳು ಒದ್ದೆಯೋ ಒಣಗಿದೆಯೋ. ಇವರು ಕಂಡದ್ದು ದೇಶ. ಸಂಜೆ ವಸತಿಗೃಹದ ಕಟ್ಟೆಯ ಮೇಲೆ ಕೂತು, ‘ಆ ಗದ್ಯಾಗ ಭತ್ತ ಬಡಿಯೋರು ಇದ್ರಲ್ಲ, ಕಣ ಥೇಟ್ ನಮ್ಮಂಗ ಇತ್ತು’ ಎನ್ನುತ್ತಿದ್ದರು. ಯಾವ ಗದ್ದೆ? ‘ಬುದ್ಧನ ಗುಡಿ ಮುಂದ ಸಣ್ಣ ಹುಡುಗ ನಿನಗ ಕೈ ಬೀಸಿದನಲ್ಲ.’ ಯಾವ ಹುಡುಗ? ನಾನೇ ಓಡಿಸಿಕೊಂಡು ಬಂದ ದಾರಿಯ ಕತೆಯನ್ನು ರಾತ್ರಿ ಅವರಿಂದ ಕೇಳಿಸಿಕೊಳ್ಳುತ್ತಿದ್ದೆ. ಅವರಿಗೆ ನಾನು ಹೇಳಲು ಇದ್ದದ್ದು ಡಾಂಬರಿನ ಸಮಾಚಾರ ಮಾತ್ರ, ಅದನ್ನೂ ಅವರು ಆಸಕ್ತಿಯಿಂದಲೇ ಕೇಳುತ್ತಿದ್ದರು.

ಇಬ್ಬರೂ ಒಟ್ಟಿಗೆ ನೋಡಿದ್ದೆಂದರೆ ಥಾಮ್ ಲೋದ್ ಗುಹೆ. ಅಲ್ಲಿ ಗಾಡಿ ಹೋಗುವುದಿಲ್ಲ. ನಾಮ್ ಲಾಂಗ್ ಎಂಬ ಹೊಳೆ ಬೆಟ್ಟದ ಒಂದು ಬಾಯಿಯಿಂದ ನುಗ್ಗಿ ಇನ್ನೊಂದು ಬಾಯಿಂದ ಹೊರಗೆ ಬರುತ್ತದೆ. ಒಳಗೆ ಬಿದಿರಿನ ತೆಪ್ಪದ ಮೇಲೆ ಕೂರಿಸಿ ಊರಿನ ಹೆಂಗಸರು ಲಾಟೀನು ಹಿಡಿದು ಕರೆದೊಯ್ಯುತ್ತಾರೆ. ವಿದ್ಯುತ್ ದೀಪ ಹಾಕದೆ ಬಿಟ್ಟಿರುವುದೇ ದೊಡ್ಡ ಉಪಕಾರ. ಒಂದು ಕೋಣೆಯಲ್ಲಿ ತೇಗದ ದಿಮ್ಮಿ ಕೊರೆದು ಮಾಡಿದ ಶವಪೆಟ್ಟಿಗೆಗಳಿವೆ, ಸಾವಿರಕ್ಕೂ ಹೆಚ್ಚು ವರ್ಷ ಹಳೆಯವು. ನೋಡಿದರೆ ನಮ್ಮ ಕಡೆಯ ದೋಣಿಯ ಹಾಗೇ. ಸಂಜೆ ಹೊತ್ತಿಗೆ ಗುಹೆಯ ಬಾಯಲ್ಲಿ ನಿಂತೆವು. ಬಾನಾಡಿಗಳು ಗೂಡಿಗೆ ಮರಳುವ ಹೊತ್ತು. ಲೆಕ್ಕವಿಲ್ಲದಷ್ಟು ಹಕ್ಕಿಗಳು ಕಪ್ಪು ಹೊಗೆಯ ಹಾಗೆ ಸುತ್ತಿ ಸುತ್ತಿ ಒಳಗೆ ಸುರಿದವು. ಅರ್ಧ ಗಂಟೆ ನಾವಿಬ್ಬರೂ ಮಾತಾಡಲಿಲ್ಲ. ಮದುವೆಯಾಗಿ ಇಪ್ಪತ್ತೊಂದು ವರ್ಷಕ್ಕೆ ಜಗಳವಿಲ್ಲದ ಮೌನ ಅಷ್ಟು ಹೊತ್ತು ನಡೆದದ್ದು ಅದೇ ಮೊದಲಿರಬೇಕು.

ಊಟದ ಮಾತು ಬಂದರೆ, ‘ಜೇ’ ಎಂಬ ಒಂದೇ ಪದ ನಮ್ಮನ್ನು ಸಾಕಿತು. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇದ್ದರೆ ಅಲ್ಲಿ ಮಾಂಸ, ಮೀನು, ಮೊಟ್ಟೆ ಏನೂ ಇಲ್ಲ ಎಂದರ್ಥ. ಅದು ಸಿಗದ ಹಳ್ಳಿಗಳಿಗೆಂದು ಅತ್ತೆ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಚೀಲದಲ್ಲಿತ್ತು. ತಿರುವುಗಳ ಕುಲುಕಾಟಕ್ಕೆ ರೊಟ್ಟಿಯೂ ಪುಡಿಯಾಗಿ, ಪುಡಿಗೆ ಪುಡಿ ಸೇರಿ, ಸೆವೆನ್ ಇಲೆವೆನ್ ಅಂಗಡಿಯ ಮೊಸರಿನಲ್ಲಿ ಕಲಸಿ ತಿಂದೆವು. ಕೆಟ್ಟದಾಗಿರಲಿಲ್ಲ.

ಮೇ ಹೊಂಗ್ ಸೊನ್ ಪಟ್ಟಣದಲ್ಲಿ ಒಂದು ಕೆರೆ, ಕೆರೆಯ ದಡದಲ್ಲಿ ಶಾನ್ ಜನರ ಜೋಡಿ ಬುದ್ಧಮಂದಿರ. ಬರ್ಮಾ ಗಡಿ ಕೂಗಳತೆಯಲ್ಲಿದೆ. 1,864 ತಿರುವು ಗೆದ್ದವರಿಗೆ ಇಲ್ಲಿ ವಾಣಿಜ್ಯ ಮಂಡಳಿಯವರು ಪ್ರಮಾಣಪತ್ರ ಕೊಡುವ ಪದ್ಧತಿಯಿದೆ. ನಮ್ಮನೆಯವರಿಗೆ ಅದು ಬೇಕೇ ಬೇಕೆಂದಿತ್ತು. ‘ಯಾರ ಹೆಸರಿಗೆ?’ ಎಂದು ಕೇಳಿದೆ. ಸ್ವಲ್ಪ ಯೋಚಿಸಿ ಬಿಟ್ಟುಬಿಟ್ಟರು.

ಅಲ್ಲಿಂದ ದಕ್ಷಿಣಕ್ಕೆ 108ನೇ ರಸ್ತೆ. ಖುನ್ ಯುವಾಮ್ ಊರಿನ ಬೆಟ್ಟದ ಮೇಲೆ ನವೆಂಬರಿನಲ್ಲಿ ಗುಡ್ಡಕ್ಕೆ ಗುಡ್ಡವೇ ಹಳದಿಯಾಗುವ ಹೂವೊಂದಿದೆ, ಅದನ್ನು ನೋಡಲು ಬ್ಯಾಂಕಾಕಿನಿಂದ ಜನ ಬರುತ್ತಾರೆ. ಹೋಗಿ ನೋಡಿದರೆ ಚಿಕ್ಕಮಗಳೂರು, ಕೊಡಗಿನ ರಸ್ತೆಬದಿಯಲ್ಲಿ ಬೇಲಿಯಂತೆ ಬೆಳೆದುಕೊಳ್ಳುವ ಅದೇ ಮೆಕ್ಸಿಕೋ ಸೂರ್ಯಕಾಂತಿ. ನಮ್ಮಲ್ಲಿ ಕಳೆ, ಅಲ್ಲಿ ಉತ್ಸವ. ಅದೇ ಊರಿನ ವಸ್ತುಸಂಗ್ರಹಾಲಯದ ಮುಂದೆ ಮಾತ್ರ ಇಬ್ಬರೂ ಹೆಚ್ಚು ಹೊತ್ತು ನಿಂತೆವು. 1944ರಲ್ಲಿ ನಮ್ಮ ಇಂಫಾಲ, ಕೊಹಿಮಾಗಳಲ್ಲಿ ಸೋತ ಜಪಾನಿ ಸೈನ್ಯ ಬರ್ಮಾ ದಾಟಿ, ಹಸಿದು, ಜ್ವರ ಹಿಡಿದು, ಈ ದಾರಿಯಲ್ಲಿ ವಾಪಸು ಬಂತು. ಊರಿನವರು ಅವರನ್ನು ಉಪಚರಿಸಿದರು. ಅವರು ಬಿಟ್ಟುಹೋದ ನೀರಿನ ಬಾಟಲಿ, ಹೆಲ್ಮೆಟ್ಟು, ತುಕ್ಕು ಹಿಡಿದ ಬಂದೂಕು ಗಾಜಿನ ಹಿಂದೆ ಇವೆ. ಮಣಿಪುರದಲ್ಲಿ ಸೋತವರು ನಡೆದುಬಂದ ಬೆಟ್ಟಗಳಲ್ಲಿ ಸ್ಕೂಟರಿನ ಏರಿಗೆ ಇಳಿದು ನಡೆದದ್ದನ್ನು ಸಾಹಸವೆಂದು ಹೇಳಿಕೊಳ್ಳಲು ಆ ದಿನ ಇವರಿಗೆ ಮನಸ್ಸಾಗಲಿಲ್ಲ.

ಪಂಕ್ಚರ್ ಆದದ್ದು ಮೇ ಸರಿಯಾಂಗ್ ಕಡೆಗೆ ಹೋಗುವಾಗ, ಮನೆಗಳೇ ಇಲ್ಲದ ಒಂದು ಕಾಡಿನ ನಡುವೆ. ಹಿಂದಿನ ಚಕ್ರ ಹಾವಿನಂತೆ ಹರಿದಾಡಿತು, ನಿಲ್ಲಿಸಿದೆ. ಇಪ್ಪತ್ತು ನಿಮಿಷಕ್ಕೆ ಕೋಸಿನ ಮೂಟೆ ತುಂಬಿದ ಒಂದು ಪಿಕಪ್ ಬಂತು. ಓಡಿಸುತ್ತಿದ್ದವನು ಇಳಿದು ಚಕ್ರಕ್ಕೆ ಒದ್ದು ನೋಡಿ, ಕೋಸನ್ನು ಸರಿಸಿ, ಸ್ಕೂಟರನ್ನು ಎತ್ತಿ ಮೇಲೆ ಹಾಕಲು ಇವರ ಕಡೆ ಸನ್ನೆ ಮಾಡಿದ. ಒಂದು ಹಳ್ಳಿಯ ಗ್ಯಾರೇಜಿನ ಮುಂದೆ ಇಳಿಸಿ, ‘ಪ ಯಾಂಗ್’ ಎಂದು ಒಳಗೆ ಕೂಗಿ, ಹಣ ಕೊಡಹೋದರೆ ‘ಮೈ ಪೆನ್ ರೈ’ ಎಂದು ಹೋಗೇಬಿಟ್ಟ. ಪಂಕ್ಚರ್ ಹಾಕುವುದಕ್ಕೆ ‘ಪ ಯಾಂಗ್’ ಎನ್ನುತ್ತಾರೆ. ಆ ಎರಡು ಅಕ್ಷರ, ಮತ್ತೆ ಟ್ಯಾಂಕ್ ತುಂಬಿಸಲು ‘ತೆಮ್ ಥಾಂಗ್’, ಇಷ್ಟು ಬಂದರೆ ಬಾಡಿಗೆ ಗಾಡಿಯವರಿಗೆ ಅರ್ಧ ವ್ಯಾಕರಣ ಬಂದಂತೆ.

ಮೆಕ್ಯಾನಿಕ್ಕು ಒಬ್ಬ ಮುದುಕ. ಚಕ್ರಕ್ಕೆ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿದ. ಮೊಳೆ ಕಿತ್ತು, ದಬ್ಬಳದಲ್ಲಿ ರಬ್ಬರಿನ ಬತ್ತಿ ತುರುಕಿ, ತುದಿ ಕತ್ತರಿಸಿದ. ಥೇಟ್ ನಮ್ಮೂರಿನ ಹಾಗೆ. ನಮ್ಮನೆಯವರು ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತು ಚಕ್ರ ಹಿಡಿದುಕೊಂಡರು. ಅವನು ಥಾಯ್‌ನಲ್ಲಿ, ಇವರು ಧಾರವಾಡದ ಕನ್ನಡದಲ್ಲಿ, ಹತ್ತು ನಿಮಿಷ ಏನೋ ಗಹನವಾಗಿ ಚರ್ಚೆ ನಡೆಸಿದರು. ಏನು ಮಾತಾಡಿದಿರಿ ಎಂದರೆ, ‘ಟೈರ್ ಸವದೈತಿ, ಹಿಂದಿನ ಸೀಟಿನ್ಯಾಗ ಭಾರ ಭಾಳ ಐತಿ ಅಂದ’ ಎಂದರು. ಗಾಳಿ ತುಂಬಿದ ಮೇಲೆ ಮುದುಕ ಕೀಲಿಯನ್ನು ಇವರ ಕೈಗೆ ಕೊಟ್ಟ. ಇವರು ಅದನ್ನು ನನ್ನ ಕೈಗೆ ಕೊಟ್ಟರು. ಮುದುಕ ಇಬ್ಬರನ್ನೂ ನೋಡಿ, ಒಳಗೆ ಕೂತಿದ್ದ ಹೆಂಡತಿಯನ್ನು ಕೂಗಿ ಕರೆದು ತೋರಿಸಿದ. ಆಕೆ ಹೊಸ್ತಿಲಿಗೆ ಬಂದು ನನಗೆ ಹೆಬ್ಬೆರಳು ಎತ್ತಿದಳು.

ಇಷ್ಟೆಲ್ಲ ತಿರುವು ದಾಟಿ ನಾನು ಬಿದ್ದದ್ದು ಎಲ್ಲಿ ಎಂದರೆ, ಮೇ ಸರಿಯಾಂಗ್‌ನ ವಸತಿಗೃಹದ ಅಂಗಳದಲ್ಲಿ, ಗಾಡಿ ನಿಲ್ಲಿಸುವಾಗ, ವೇಗ ಸೊನ್ನೆ ಇದ್ದಾಗ. ಜಲ್ಲಿಯ ಮೇಲೆ ಕಾಲು ಜಾರಿತು, ಮರ ಬಿದ್ದ ಹಾಗೆ ಇಬ್ಬರೂ ಎಡಕ್ಕೆ ಒರಗಿದೆವು. ನಮಗೇನೂ ಆಗಲಿಲ್ಲ. ಗಾಡಿಯ ಎಡಪಕ್ಕೆಗೆ ಒಂದು ಗೇಣು ಗೀರು. ಇವರು ಕಪ್ಪು ಮಾರ್ಕರ್ ಪೆನ್ ಕೊಂಡುತರಲು ಹೊರಟಿದ್ದರು. ಸಾಲಗಾರರ ಸುಳ್ಳುಗಳನ್ನು ವರ್ಷಗಟ್ಟಲೆ ಪತ್ತೆ ಹಚ್ಚಿದ ಮನುಷ್ಯ! ಚಿಯಾಂಗ್ ಮಾಯ್‌ನಲ್ಲಿ ನಾನೇ ಅಂಗಡಿಯಾಕೆಗೆ ಗೀರು ತೋರಿಸಿದೆ. ಆಕೆ ಅದರ ಮೇಲೆ ಬೆರಳಾಡಿಸಿ 500 ಬಾತ್ ಎಂದಳು. ಚೌಕಾಸಿ ಮಾಡಲಿಲ್ಲ. ಉಳಿದ 2,500 ಎಣಿಸಿಕೊಡುತ್ತ ಆಕೆ ಮೊಬೈಲಿನ ಕಡೆ ಕೈ ತೋರಿಸಿ ‘ವಿಡಿಯೋ?’ ಎಂದಳು. ತೋರಿಸಿದೆವು. ಮೂವರೂ ನಿಂತು ಇಡೀ ವಿಡಿಯೋ ನೋಡಿದೆವು.

ಮರುವರ್ಷ ವಿಯೆಟ್ನಾಂ. ಹನೋಯ್‌ನಿಂದ ಸುಮಾರು 300 ಕಿಲೋಮೀಟರ್ ಉತ್ತರಕ್ಕೆ, ಚೀನಾ ಗಡಿಯ ಹಾ ಜಿಯಾಂಗ್ ಬೆಟ್ಟಗಳು. ನನ್ನ ಪರ್ಮಿಟ್ ಅಲ್ಲಿ ನಡೆಯುವುದಿಲ್ಲವಲ್ಲ, ಹಾಗಾಗಿ ಇಬ್ಬರೂ ಸ್ಥಳೀಯ ಸವಾರರ ಹಿಂದೆ ಕೂತೆವು, ಒಬ್ಬೊಬ್ಬರು ಒಂದೊಂದು ಬೈಕಿನಲ್ಲಿ. ಬಾಡಿಗೆ ಬೈಕಿನ ಹಿಂದೆ ಕೂತು ಹೋಗುವುದಕ್ಕೆ ಅವರಲ್ಲಿ ‘ಸೆ ಓಮ್’ ಎಂಬ ಹಳೇ ಹೆಸರಿದೆ. ಸೆ ಎಂದರೆ ವಾಹನ, ಓಮ್ ಎಂದರೆ ಅಪ್ಪಿಕೊಳ್ಳುವುದು. ನಮ್ಮನೆಯವರು ಇಪ್ಪತ್ತಮೂರರ ಆ ಹುಡುಗನ ಭುಜ ಹಿಡಿಯಲೂ ಸಂಕೋಚಪಟ್ಟು ಹಿಂದಿನ ಕಬ್ಬಿಣದ ಕಂಬಿಯನ್ನು ಹಿಡಿದು ಕೂತರು.

ಆ ರಸ್ತೆಯನ್ನು ಅವರು ‘ಸಂತೋಷದ ದಾರಿ’ ಎನ್ನುತ್ತಾರೆ. 1959ರಿಂದ 1965ರವರೆಗೆ ಬೇರೆ ಬೇರೆ ಬುಡಕಟ್ಟುಗಳ ಸಾವಿರಕ್ಕೂ ಹೆಚ್ಚು ತರುಣ ತರುಣಿಯರು ಹಾರೆ, ಸುತ್ತಿಗೆ ಹಿಡಿದು ಕಡಿದದ್ದು. ಮಾ ಪಿ ಲೆಂಗ್ ಎಂಬ ಕಣಿವೆಯಂಚಿನಲ್ಲಿ ಹಗ್ಗ ಕಟ್ಟಿಕೊಂಡು ಬಂಡೆಯ ಮೈಗೆ ನೇತಾಡುತ್ತ ಹನ್ನೊಂದು ತಿಂಗಳು ಕೊರೆದರು. ಈಗ ಆ ಅಂಚಿನಲ್ಲಿ ಬೈಕು ಹೋಗುತ್ತದೆ, ಕೆಳಗೆ ಪಾತಾಳದಲ್ಲಿ ನ್ಯೋ ಕ್ವೆ ನದಿ ಹಸಿರು ದಾರದಂತೆ ಕಾಣುತ್ತದೆ. ಈ ಸುಣ್ಣಕಲ್ಲಿನ ಪ್ರಸ್ಥಭೂಮಿಯನ್ನು ಯುನೆಸ್ಕೊ 2010ರಲ್ಲಿ ಭೂಉದ್ಯಾನವೆಂದು ಗುರುತಿಸಿತು. ಮಣ್ಣು ಎಷ್ಟು ಕಡಿಮೆಯೆಂದರೆ ಮೋಂಗ್ ಜನ ಬಂಡೆಯ ಬಿರುಕಿಗೆ ಹಿಡಿ ಮಣ್ಣು ತುಂಬಿ ಅದರಲ್ಲಿ ಒಂದೊಂದು ಜೋಳದ ಗಿಡ ಬೆಳೆಸುತ್ತಾರೆ. ಬೆನ್ನಿನ ಬುಟ್ಟಿಯಲ್ಲಿ ಮೇವು ಹೊತ್ತ ಒಬ್ಬ ಅಜ್ಜಿ, ಆಕೆಯ ಹಿಂದೆ ಕಟ್ಟಿಗೆ ಹೊತ್ತ ಮೊಮ್ಮಗಳು. ಮಂಜಿನಲ್ಲಿ ಒಂದು ಕಲ್ಲಿನ ಬೇಲಿ, ಬೇಲಿಯ ಮೇಲೆ ಒಣಹಾಕಿದ ಸೆಣಬಿನ ನೂಲು.

ಹೌದು, ಇಷ್ಟೆಲ್ಲ ನಾನೇ ನೋಡಿದೆ. ಸಾವಿರದೆಂಟು ನೂರು ತಿರುವು ಓಡಿಸಿದವಳು ಮೊದಲ ಸಲ ಬೆಟ್ಟ ನೋಡಿದ್ದು ಅಲ್ಲಿ. ಜೊತೆಗೆ ಇನ್ನೊಂದನ್ನೂ ಕಂಡುಕೊಂಡೆ. ಬೈಕು ಅಂಚಿಗೆ ವಾಲಿದಾಗಲೆಲ್ಲ ನನ್ನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ಎದುರಿಗೆ ಟ್ರಕ್ಕು ಬಂದಾಗ ಅಚ್ಚ ಕನ್ನಡದಲ್ಲಿ, ‘ಏ, ನಿಧಾನ ಮಾರಾಯ, ನಿಧಾನ’ ಎಂದು ಆ ಪಾಪದ ಹುಡುಗನ ಕಿವಿಯಲ್ಲಿ ಕೂಗಿದೆ. ಹಿಂದಿನ ಬೈಕಿನಿಂದ ನಮ್ಮನೆಯವರು ನಕ್ಕದ್ದು ಕಣಿವೆಗೆಲ್ಲ ಕೇಳಿಸಿತು.

ಆ ರಾತ್ರಿ ದು ಜಿಯಾ ಹಳ್ಳಿಯ ಮನೆವಾಸದಲ್ಲಿ, ಎಲ್ಲರೂ ಜೋಳದ ಸಾರಾಯಿಯ ಸುತ್ತ ಕೂತು ಲೋಟ ಎತ್ತುತ್ತಿರುವಾಗ, ನಾನು ಎರಡನೇ ವರ ಬೇಡಿದೆ. ನೀವು ಬೈಕಿನ ಲೈಸೆನ್ಸ್ ಮಾಡಿಸಬೇಕು. ಮುಂದಿನ ಸಲ ನೀವು ಡಾಂಬರು ನೋಡಿ, ನಾನು ದೇಶ ನೋಡುತ್ತೇನೆ.

ಊರಿಗೆ ಬಂದು ನಲವತ್ತೊಂಬತ್ತನೇ ವಯಸ್ಸಿಗೆ ಎಲ್‌ಎಲ್‌ ಮಾಡಿಸಿದರು. ಹುಬ್ಬಳ್ಳಿಯ ಯೆಜ್ಡಿಯ ಗತ್ತು ಆರ್‌ಟಿಓ ಮೈದಾನದ ‘ಎಂಟು’ ಅಂಕಿಯ ಸುತ್ತಿನಲ್ಲಿ ನಡೆಯಲಿಲ್ಲ. ಎರಡನೇ ಸೊನ್ನೆಯ ತಿರುವಿನಲ್ಲಿ ಕಾಲು ಕೆಳಗೆ ಊರಿದರು, ಇನ್ಸ್‌ಪೆಕ್ಟರು ಮತ್ತೆ ಬನ್ನಿ ಎಂದರು. ಹಾಗಾಗಿ ಈಗ ದಿನಾ ಬೆಳಿಗ್ಗೆ ಆರು ಗಂಟೆಗೆ ನಮ್ಮ ಬಡಾವಣೆಯ ಖಾಲಿ ಸೈಟಿನಲ್ಲಿ ಸುಣ್ಣದ ಪುಡಿಯಲ್ಲಿ ಬರೆದ ಎಂಟಿನ ಮೇಲೆ ಅಭ್ಯಾಸ. ಕಲಿಯುವವರ ಹಿಂದೆ ಲೈಸೆನ್ಸ್ ಇರುವ ಕಲಿಸುವವರು ಮಾತ್ರ ಕೂರಬಹುದು ಎಂಬುದು ಕಾನೂನು. ನಾನು ಕಾನೂನು ಪ್ರಕಾರವೇ ಹಿಂದೆ ಕೂತಿದ್ದೇನೆ. ಮೊನ್ನೆ ವಾಪಸು ಬರುವಾಗ ಮುಖ್ಯರಸ್ತೆಯಲ್ಲಿ ಹಾಲಿನ ವ್ಯಾನು ಅಡ್ಡ ಬಂತು.

‘ರೀ, ಎಡಕ್ಕೆ, ಎಡಕ್ಕೆ! ಬ್ರೇಕ್ ಹಾಕಿ!’

ಎಲ್ ಬೋರ್ಡಿನ ಸಾರಥಿ ತಿರುಗಿ ನೋಡಲಿಲ್ಲ.

‘ಮೊದಲನೇ ವರ ನೆನಪೈತೇನು?’ ಎಂದರು.